ಐಇಎಲ್‌ಟಿಎಸ್ ಆಮಂತ್ರಣ ಪತ್ರ: ಮದುವೆ ಕಾರ್ಡ್ ಭಾಷೆ ಬಿಟ್ಟು ಬರೆಯುವುದು ಹೇಗೆ?

ಪ್ರಶ್ನೆ: ನಾನು ಗುಬ್ಬಿ ಕಡೆಯವನು ಸಾರ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಸಿವಿಲ್ ಡಿಪ್ಲೊಮಾ. ಈಗ ವಸಂತನರಸಾಪುರದಲ್ಲಿ ಕೆಲಸ. ಕೆನಡಾಗೆ ಅರ್ಜಿ ಹಾಕಲು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ, ಅದರಲ್ಲೂ ಪತ್ರ ಬರೆಸುವ ಜನರಲ್ ಟ್ರೈನಿಂಗ್ ವಿಭಾಗಕ್ಕೆ, ತಯಾರಿ ನಡೆಸಿದ್ದೇನೆ. ಕಂಪ್ಲೇಂಟ್ ಲೆಟರ್ ಹೇಗೋ ಬರೆಯುತ್ತೇನೆ. ಇನ್ವಿಟೇಷನ್ ಲೆಟರ್ ಬಂದರೆ ಮಾತ್ರ ನಾಲ್ಕು ಸಾಲಿಗೆ ನಿಂತುಬಿಡುತ್ತೇನೆ. ಮಾಕ್ ಟೆಸ್ಟಿನಲ್ಲಿ ರೈಟಿಂಗ್ 5.5 ಬ್ಯಾಂಡ್ (ಅಂದರೆ ಅಂಕ) ದಾಟುತ್ತಿಲ್ಲ, 'ಟೋನ್ ಸರಿಯಿಲ್ಲ', ಅಂದರೆ ಮಾತಿನ ಧಾಟಿ ಸರಿಯಿಲ್ಲ ಅಂತ ಬರೆದು ಕೊಡುತ್ತಾರೆ. ಒಂದು ಒಳ್ಳೆಯ ಟೆಂಪ್ಲೇಟ್ ಬಾಯಿಪಾಠ ಮಾಡಿದರೆ ಆಗುತ್ತಾ? ಇನ್ನೊಂದು, ಕಂಪ್ಯೂಟರ್‌ನಲ್ಲಿ ಬರೆಯುವುದು ಒಳ್ಳೆಯದಾ, ಕೈಯಲ್ಲಾ?

ಉತ್ತರ: ಮೊದಲು ಟೆಂಪ್ಲೇಟ್ ವಿಷಯ ಮುಗಿಸಿಬಿಡೋಣ. ಬೇಡ. ಬಾಯಿಪಾಠದ ಸಾಲನ್ನು ಹಿಡಿಯುವುದು ಪರೀಕ್ಷಕರಿಗೆ ಕಷ್ಟವೇ ಅಲ್ಲ. ನಿಮ್ಮ ಮಿಕ್ಕ ವಾಕ್ಯಗಳೆಲ್ಲ ಲುಂಗಿ ಬನಿಯನ್‌ನಲ್ಲಿ ಓಡಾಡುತ್ತಿರುತ್ತವೆ, ನಡುವೆ ಇದೊಂದು ಮಾತ್ರ ರೇಷ್ಮೆ ಪಂಚೆ ಉಟ್ಟು ನಿಂತಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನಂದರೆ, ಪ್ರಶ್ನೆಯಲ್ಲಿ ಬುಲೆಟ್ ಹಾಕಿ ಕೇಳಿದ ಮೂರು ವಿಷಯಕ್ಕೆ ಟೆಂಪ್ಲೇಟ್‌ನಲ್ಲಿ ಉತ್ತರವೇ ಇರುವುದಿಲ್ಲ. ಆ ಮೂರನ್ನೂ ಬರೆಯದೆ ಒಳ್ಳೆಯ ಅಂಕ ಬರುವುದಿಲ್ಲ.

ಲೆಕ್ಕ ಬೇಗ ಹೇಳಿಬಿಡುತ್ತೇನೆ, ನಿಮಗೆ ಗೊತ್ತಿರಲೂಬಹುದು. ರೈಟಿಂಗ್‌ಗೆ ಒಟ್ಟು 60 ನಿಮಿಷ. ಮೊದಲನೆಯದು ಪತ್ರ, ಕನಿಷ್ಠ 150 ಪದ, ಸುಮಾರು 20 ನಿಮಿಷ. ಎರಡನೆಯದು ಪ್ರಬಂಧ, ಕನಿಷ್ಠ 250 ಪದ, 40 ನಿಮಿಷ. ಪ್ರಬಂಧದ ತೂಕ ಪತ್ರದ ಎರಡು ಪಟ್ಟು. ಹಾಗಾಗಿ ಪತ್ರ ಚೆನ್ನಾಗಿ ಬರುತ್ತಿದೆ ಅಂತ ಖುಷಿಯಲ್ಲಿ 250 ಪದ ಎಳೆದು, ಅರ್ಧ ಗಂಟೆ ಅಲ್ಲೇ ಕೂತರೆ ಲಾಸ್ ನಿಮಗೇ. 160ರಿಂದ 180 ಪದ ಸಾಕೋ ಸಾಕು. ಅಂಕ ಕೊಡುವುದು ನಾಲ್ಕು ವಿಷಯ ನೋಡಿ: ಕೇಳಿದ್ದನ್ನು ಬರೆದಿದ್ದೀರಾ, ಒಂದಕ್ಕೊಂದು ಹೊಂದಿಕೊಂಡು ಹೋಗುತ್ತಿದೆಯಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು. ಕೆನಡಾಗೆ ವಲಸೆ ಹೋಗುವ ಫೆಡರಲ್ ಸ್ಕಿಲ್ಡ್ ವರ್ಕರ್ ದಾರಿಗೆ ಕನಿಷ್ಠ ಸಿಎಲ್‌ಬಿ 7 (ಸಿಎಲ್‌ಬಿ ಅಂದರೆ ಕೆನಡಾದವರು ಭಾಷೆ ಅಳೆಯುವ ಮಟ್ಟ) ಬೇಕು, ಅಂದರೆ ರೈಟಿಂಗ್‌ನಲ್ಲಿ 6.0. ಸಿಎಲ್‌ಬಿ 9 ಬೇಕೆಂದರೆ 7.0. ನೀವು 5.5ರಲ್ಲಿ ನಿಂತಿದ್ದೀರಿ, ಅಂದರೆ ಬಾಗಿಲ ಹತ್ತಿರವೇ ಇದ್ದೀರಿ.

ಈಗ ನಿಜವಾದ ವಿಷಯಕ್ಕೆ ಬರೋಣ. ಕಂಪ್ಲೇಂಟ್ ಲೆಟರ್ ಯಾಕೆ ಸಲೀಸಾಗಿ ಬರುತ್ತದೆ, ಇದು ಯಾಕೆ ಬರುವುದಿಲ್ಲ? ತುಮಕೂರಿನಲ್ಲಿ ನಾನು ಪಾಠ ಮಾಡುವ ಹುಡುಗರಲ್ಲೂ ಇದೇ ಕತೆ. ದೂರಿನಲ್ಲಿ ಒಂದು ಘಟನೆ ಇರುತ್ತದೆ. ವಾಷಿಂಗ್ ಮೆಷಿನ್ ಕೆಟ್ಟಿತು, ಫೋನ್ ಮಾಡಿದೆ, ಯಾರೂ ಬರಲಿಲ್ಲ. ಹೇಳುತ್ತಾ ಹೋದರೆ ಪತ್ರ ತುಂಬುತ್ತದೆ. ಆಮಂತ್ರಣ ಅಂದ ತಕ್ಷಣ ನಮ್ಮ ತಲೆಗೆ ಬರುವುದು ಕಾರ್ಡ್. 'ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ.' ಮುಗೀತು. ಮುಹೂರ್ತ, ಕಲ್ಯಾಣ ಮಂಟಪದ ಹೆಸರು, ಕೆಳಗೆ ನೆಂಟರ ಪಟ್ಟಿ. ನಿಜವಾಗಿ ಕರೆಯುವ ಕೆಲಸ ಕಾರ್ಡ್ ಮಾಡುವುದೇ ಇಲ್ಲ ಅಲ್ವಾ? ಅದನ್ನು ಮಾಡುವುದು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗುವ ಅಪ್ಪ ಅಮ್ಮ. 'ಹಿಂದಿನ ದಿನವೇ ಬಂದುಬಿಡಿ, ಚಪ್ಪರದ ಪೂಜೆಗೆ ನೀವಿಲ್ಲದಿದ್ದರೆ ಹೇಗೆ, ಗುಬ್ಬಿ ಸ್ಟೇಷನ್‌ಗೆ ಹುಡುಗನ್ನ ಕಳಿಸ್ತೀವಿ.'

ಪರೀಕ್ಷೆ ಕೇಳುವುದು ಈ ಎರಡನೆಯದನ್ನು. ಬಾಗಿಲಲ್ಲಿ ನಿಂತು ಆಡುವ ಮಾತನ್ನು. ಕಾರ್ಡ್ ಊರಿಗೆಲ್ಲ ಒಂದೇ, ಪತ್ರ ಒಬ್ಬರಿಗೆ ಮಾತ್ರ. ಆ ಒಬ್ಬರು ಯಾಕೆ ಬರಬೇಕು, ಹೇಗೆ ಬರಬೇಕು, ಬಂದರೆ ಏನಿರುತ್ತದೆ. ಸುಮ್ನೆ ಪ್ರಶ್ನೆಗಳನ್ನು ತೆಗೆದು ನೋಡಿ, ಆಮಂತ್ರಣದ ಮೂರು ಬುಲೆಟ್‌ಗಳು ಹೆಚ್ಚುಕಮ್ಮಿ ಇವೇ ಮೂರರ ಸುತ್ತ ತಿರುಗುತ್ತವೆ.

ಒಂದು ಪ್ರಶ್ನೆ ನಾನೇ ಕಟ್ಟುತ್ತೇನೆ, ಪರೀಕ್ಷೆಯ ಧಾಟಿಯಲ್ಲೇ. 'ನಿಮ್ಮ ಜೊತೆ ಓದಿದ ಗೆಳೆಯ ಈಗ ಬೇರೆ ಊರಿನಲ್ಲಿದ್ದಾನೆ. ನಿಮ್ಮ ಮನೆಯಲ್ಲಿ ಒಂದು ಸಮಾರಂಭ ಇದೆ. ಅವನನ್ನು ಕರೆದು ಪತ್ರ ಬರೆಯಿರಿ. ಯಾವ ಸಮಾರಂಭ ಎಂದು ಹೇಳಿ, ಅವನು ಬರಬೇಕು ಎಂದು ಯಾಕೆ ಬಯಸುತ್ತೀರಿ ವಿವರಿಸಿ, ಬರುವುದಕ್ಕೂ ಉಳಿಯುವುದಕ್ಕೂ ಏನು ವ್ಯವಸ್ಥೆ ತಿಳಿಸಿ.'

ಗೃಹಪ್ರವೇಶ ಅಂತ ಇಟ್ಟುಕೊಳ್ಳೋಣ. ನನ್ನ ಮೇಜಿಗೆ ಬರುವ ಉತ್ತರಗಳಲ್ಲಿ ಸುಮಾರು ಹೀಗೆ ಇರುತ್ತದೆ (ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡದಲ್ಲೇ ಬರೆಯುತ್ತೇನೆ, ಜೋರಾಗಿ ಓದಿ, ಕಿವಿಗೆ ಬಿದ್ದರೆ ವ್ಯತ್ಯಾಸ ಬೇಗ ತಿಳಿಯುತ್ತದೆ): 'ಐ ಹೋಪ್ ದಿಸ್ ಲೆಟರ್ ಫೈಂಡ್ಸ್ ಯು ಇನ್ ದ ಪಿಂಕ್ ಆಫ್ ಹೆಲ್ತ್. ಐ ಕಾರ್ಡಿಯಲಿ ಇನ್‌ವೈಟ್ ಯು ಅಂಡ್ ಯುವರ್ ಫ್ಯಾಮಿಲಿ ಟು ಗ್ರೇಸ್ ದ ಅಕೇಷನ್ ಆಫ್ ಅವರ್ ಹೌಸ್ ವಾರ್ಮಿಂಗ್ ಫಂಕ್ಷನ್. ಕೈಂಡ್ಲಿ ಕಮ್ ವಿದೌಟ್ ಫೇಲ್.'

ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಇದಕ್ಕೆ ಜಾಸ್ತಿ ಅಂಕ ಬರುವುದಿಲ್ಲ. ಹಾಸ್ಟೆಲ್‌ನಲ್ಲಿ ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿಂದ ಗೆಳೆಯನಿಗೆ ಯಾರಾದರೂ 'ತಾವು ದಯಮಾಡಿಸಿ ಸಮಾರಂಭಕ್ಕೆ ಶೋಭೆ ತರಬೇಕು' ಅಂತಾರಾ? ಅಂದರೆ ಅವನು ನಗುತ್ತಾನೆ, ಇಲ್ಲ ದುಡ್ಡು ಕೇಳೋಕೆ ಬಂದಿದ್ದೀಯಾ ಅಂತಾನೆ. ಕೊನೆಯಲ್ಲಿ 'ಕೈಂಡ್ಲಿ' ಅಂತ ಕೈಮುಗಿದು, ಅದೇ ಉಸಿರಿನಲ್ಲಿ 'ವಿದೌಟ್ ಫೇಲ್' ಅಂತ ಅಪ್ಪಣೆ ಬೇರೆ. 'ತಪ್ಪದೆ ಬನ್ನಿ' ಅಂದರೆ ನಮ್ಮಲ್ಲಿ ಪ್ರೀತಿ. ಇಂಗ್ಲಿಷ್‌ನಲ್ಲಿ ಅದು ಆಫೀಸಿನ ಸುತ್ತೋಲೆಯ ಹಾಗೆ ಕೇಳಿಸುತ್ತದೆ.

ಅದನ್ನೇ ಹೀಗೆ ಬರೆಯಿರಿ: 'ವಿ ಹ್ಯಾವ್ ಫೈನಲಿ ಫಿನಿಷ್ಡ್ ದ ಹೌಸ್! ವಿ ಆರ್ ಹ್ಯಾವಿಂಗ್ ಎ ಸ್ಮಾಲ್ ಸೆರೆಮನಿ ನೆಕ್ಸ್ಟ್ ಸಂಡೇ, ಅಂಡ್ ಐಡ್ ಲವ್ ಯು ಟು ಬಿ ದೇರ್.' ಎರಡೇ ವಾಕ್ಯ. ಏನು, ಯಾವಾಗ, ಬಾ ಅನ್ನುವುದು ಮೂರೂ ಬಂತು. ಕಷ್ಟದ ಪದ ಒಂದಾದರೂ ಇದೆಯಾ? ಇಲ್ಲ.

ಎರಡನೇ ಬುಲೆಟ್‌ನಲ್ಲೇ ಹುಡುಗರು ಸೋಲುವುದು. 'ಯು ಆರ್ ಮೈ ಬೆಸ್ಟ್ ಫ್ರೆಂಡ್, ಸೋ ಐ ವಾಂಟ್ ಯು ಟು ಕಮ್' ಅಂತ ಬರೆದು ಮುಂದೆ ಹೋಗುತ್ತಾರೆ. ಇದು ಕಾರಣ ಅಲ್ಲ, ಯಾರಿಗೆ ಬೇಕಾದರೂ ಬರೆಯಬಹುದಾದ ಸಾಲು. ನೀವು ಸಿವಿಲ್ ಓದಿದವರು. ಮನೆಯ ಮೊದಲ ಪ್ಲಾನನ್ನು ಹಾಸ್ಟೆಲ್ ರೂಮಿನಲ್ಲಿ ಇಬ್ಬರೂ ಕೂತು ಗೀಚಿದ್ದಿರಿ ಅಂತ ಬರೆಯಿರಿ, ಅಡುಗೆಮನೆ ಕಿಟಕಿ ಪೂರ್ವಕ್ಕೆ ಇರಲಿ ಅಂತ ಅವನೇ ಹೇಳಿದ್ದ, ಈಗ ಅಮ್ಮನಿಗೆ ಆ ಕಿಟಕಿ ಅಂದರೆ ಪಂಚಪ್ರಾಣ ಅಂತ ಸೇರಿಸಿ. 'ಯು ಹೆಲ್ಪ್ಡ್ ಮಿ ಡ್ರಾ ದ ಫಸ್ಟ್ ಪ್ಲಾನ್, ಸೋ ಇಟ್ ವುಡ್ ಫೀಲ್ ಸ್ಟ್ರೇಂಜ್ ವಿದೌಟ್ ಯು.' ನಿಜವಾಗಿ ನಡೆದಿರಬೇಕಾಗಿಲ್ಲ, ಯಾರೂ ಬಂದು ಪರೀಕ್ಷಿಸುವುದಿಲ್ಲ. ಆದರೆ ಬೇರೆ ಯಾರಿಗೂ ಕಳಿಸಲಾಗದ ಒಂದು ವಿವರ ಇರಲೇಬೇಕು. ಪತ್ರ ನಾಲ್ಕು ಸಾಲಿಗೆ ನಿಲ್ಲುತ್ತದೆ ಅಂದಿರಲ್ಲ, ಅದಕ್ಕೆ ಇಂಗ್ಲಿಷ್ ಕಮ್ಮಿ ಅನ್ನುವುದು ಕಾರಣ ಅಲ್ಲ. ಬರೆಯಲು ಆ ಕಡೆ ಒಬ್ಬ ಮನುಷ್ಯನೇ ಇಲ್ಲ, ಅದು ಕಾರಣ.

ಮೂರನೇ ಬುಲೆಟ್ ಸುಲಭ, ಅಲ್ಲಿ ಪದಗಳೂ ತಾನಾಗಿ ಬರುತ್ತವೆ. ಶನಿವಾರ ಸಂಜೆಯೇ ಬಾ, ಬೆಂಗಳೂರಿನಿಂದ ಅರಸೀಕೆರೆ ಕಡೆ ಹೋಗುವ ರೈಲು ಹಿಡಿ, ಗುಬ್ಬಿಯಲ್ಲಿ ಇಳಿ, ನಾನು ಬೈಕ್ ತರುತ್ತೇನೆ, ಮಹಡಿ ಮೇಲಿನ ರೂಮ್ ಖಾಲಿ ಇದೆ. ಅಷ್ಟೇ. ಆದರೆ ಒಂದು ಎಚ್ಚರ. ಊರಿನ ಹೆಸರು, ತಿಂಡಿಯ ಹೆಸರು ಬಂದರೆ ಓದುವವರು ಯಾರು ಅಂತ ಯೋಚಿಸಿ. ಪರೀಕ್ಷಕರು ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದಿರಲೇಬೇಕು ಅಂತೇನಿಲ್ಲ. ಹಾಗಂತ ತಿಪಟೂರಿನ ಗೆಳೆಯನಿಗೆ ತಟ್ಟೆ ಇಡ್ಲಿ ಅಂದರೇನು ಅಂತ ವಿವರಿಸಿದರೆ ಪತ್ರವೇ ಸುಳ್ಳಾಗುತ್ತದೆ. ಸುಲಭದ ದಾರಿ ಒಂದಿದೆ. ಗೆಳೆಯನನ್ನೇ ಹೊರಗಿನವನನ್ನಾಗಿ ಮಾಡಿ, ಪುಣೆಯವನೋ ಸಿಂಗಪುರದವನೋ. ಆಗ 'ಆ್ಯನ್ ಇಡ್ಲಿ ಆ್ಯಸ್ ವೈಡ್ ಆ್ಯಸ್ ಎ ಪ್ಲೇಟ್' ಅಂತ ಅರ್ಧ ಸಾಲು ಹೇಳಲು ಕಾರಣವೂ ಸಿಗುತ್ತದೆ, ವಾಕ್ಯಕ್ಕೆ ಸ್ವಲ್ಪ ರುಚಿಯೂ ಬರುತ್ತದೆ.

ಇನ್ನು ನಿಮ್ಮ ಮೇಷ್ಟ್ರು ಬರೆದ 'ಟೋನ್ ಸರಿಯಿಲ್ಲ'. ಇದನ್ನು ಅವರು ಸುಮ್ನೆ ಬರೆದಿಲ್ಲ. ಜನರಲ್ ಟ್ರೈನಿಂಗ್ ಪತ್ರಕ್ಕೆ ಅಂಕ ಕೊಡುವ ಮಾನದಂಡದಲ್ಲೇ ಟೋನ್ ಇದೆ. ಬ್ಯಾಂಡ್ 7ಕ್ಕೆ ಟೋನ್ ಮೊದಲಿಂದ ಕೊನೆವರೆಗೆ ಒಂದೇ ಥರ ಇರಬೇಕು, ಸಂದರ್ಭಕ್ಕೂ ಒಪ್ಪಬೇಕು. ಬ್ಯಾಂಡ್ 6ರಲ್ಲಿ ಅಲ್ಲಲ್ಲಿ ಏರುಪೇರಾದರೆ ನಡೆಯುತ್ತದೆ. ಬ್ಯಾಂಡ್ 5 ಅಂದರೆ ಟೋನ್ ಬದಲಾಗುತ್ತಾ ಇರುತ್ತದೆ, ಕೆಲವು ಕಡೆ ಹೊಂದುವುದೇ ಇಲ್ಲ. ಬುಲೆಟ್ ವಿಷಯವೂ ಅಷ್ಟೇ, ಒಂದನ್ನು ಬಿಟ್ಟುಬಿಟ್ಟರೆ 4ರ ಕಡೆಗೆ ಜಾರುತ್ತೀರಿ, ಮುಟ್ಟಿ ಹಾಗೇ ಬಿಟ್ಟರೆ 5ರ ಹತ್ತಿರ.

ಇದಕ್ಕೆ ನಾನು ಹೇಳಿಕೊಡುವ ಉಪಾಯ ಕನ್ನಡದಲ್ಲೇ ಇದೆ. ಪೆನ್ ಹಿಡಿಯುವ ಮೊದಲು, ಈ ಮನುಷ್ಯ ಎದುರಿಗೆ ಬಂದರೆ ನಾನು 'ಬಾರೋ' ಅಂತೀನಾ, 'ಬನ್ನಿ ಸಾರ್' ಅಂತೀನಾ, 'ತಾವು ಬರಬೇಕು ಎಂದು ಕೋರುತ್ತೇವೆ' ಅಂತೀನಾ ಎಂದು ಕೇಳಿಕೊಳ್ಳಿ. ಮೂರರಲ್ಲಿ ಒಂದು ತಕ್ಷಣ ಹೊಳೆಯುತ್ತದೆ, ಯಾಕೆಂದರೆ ನಾವು ಚಿಕ್ಕಂದಿನಿಂದ ಇದನ್ನು ಲೆಕ್ಕ ಹಾಕಿಯೇ ಮಾತಾಡುವವರು. ತೊಂದರೆ ಏನಂದರೆ ಕನ್ನಡದಲ್ಲಿ ಮರ್ಯಾದೆ ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. ಇಂಗ್ಲಿಷ್‌ನಲ್ಲಿ ಎಲ್ಲರಿಗೂ ಒಂದೇ 'ಯು'. ಆ ಖಾಲಿ ಜಾಗ ತುಂಬಲು ನಮ್ಮವರು 'ಕೈಂಡ್ಲಿ', 'ರೆಸ್ಪೆಕ್ಟೆಡ್', 'ಯುವರ್ ಗುಡ್ ಸೆಲ್ಫ್' ಅಂತ ಸುರಿಯುತ್ತಾರೆ. ಇಂಗ್ಲಿಷ್‌ನವರು ಅಲ್ಲಿ ಬಳಸುವುದು 'ವುಡ್', 'ಕುಡ್', 'ಇಫ್'. ಜೊತೆಗೆ, ಬರಲ್ಲ ಅನ್ನಲೂ ಜಾಗ ಬಿಡುತ್ತಾರೆ.

ಬಾರೋ ಗುಂಪಿಗೆ 'ಐಡ್ ಲವ್ ಯು ಟು ಕಮ್', 'ಡು ಯು ಫ್ಯಾನ್ಸಿ', 'ಲೆಟ್ ಮಿ ನೋ'. ಇಲ್ಲಿ ಐಡ್, ಕಾಂಟ್, ಡೋಂಟ್ ಥರ ಕತ್ತರಿಸಿದ ರೂಪಗಳು ಬೇಕು, ಆಶ್ಚರ್ಯಸೂಚಕ ಒಂದೆರಡು ಇರಲಿ. 'ಯು ಮಸ್ಟ್ ಕಮ್' ಕೂಡ ಗೆಳೆಯನಿಗೆ ನಡೆಯುತ್ತದೆ, ಅಲ್ಲಿ ಅದು ನಮ್ಮ 'ಬರಲೇಬೇಕು' ಥರವೇ. ಬನ್ನಿ ಸಾರ್ ಗುಂಪು ಅಂದರೆ ಪಕ್ಕದ ಮನೆಯ ಹಿರಿಯರು, ಮನೆ ಮಾಲೀಕರು, ಪರಿಚಯದ ಮ್ಯಾನೇಜರ್. 'ವಿ ವುಡ್ ಬಿ ವೆರಿ ಹ್ಯಾಪಿ ಇಫ್ ಯು ಕುಡ್ ಜಾಯಿನ್ ಅಸ್.' ಇದರಲ್ಲಿ 'ಮಸ್ಟ್' ಬೇಡ. ಕೋರುತ್ತೇವೆ ಗುಂಪಿಗೆ 'ಐ ಆ್ಯಮ್ ರೈಟಿಂಗ್ ಆನ್ ಬಿಹಾಫ್ ಆಫ್', 'ವಿ ವುಡ್ ಬಿ ಗ್ರೇಟ್‌ಫುಲ್ ಇಫ್', ಕತ್ತರಿಸಿದ ರೂಪ ಒಂದೂ ಇಲ್ಲ.

ಆರಂಭ ಮತ್ತು ಸಹಿಯದು ದೊಡ್ಡ ವಿಷಯವಲ್ಲ, ಜೋಡಿ ನೆನಪಿಟ್ಟುಕೊಂಡರೆ ಆಯಿತು. 'ಡಿಯರ್ ಸರ್ ಆರ್ ಮೇಡಂ' ಆದರೆ 'ಯುವರ್ಸ್ ಫೇತ್‌ಫುಲಿ'. 'ಡಿಯರ್ ಮಿಸ್ಟರ್' ಜೊತೆ ಮನೆತನದ ಹೆಸರು ಬಂದರೆ 'ಯುವರ್ಸ್ ಸಿನ್ಸಿಯರ್ಲಿ'. ಗೆಳೆಯನಿಗೆ 'ಬೆಸ್ಟ್ ವಿಶಸ್'. ವಿಳಾಸ ಬರೆಯಬೇಡಿ, ಪ್ರಶ್ನೆಯಲ್ಲೇ ಬೇಡ ಅಂತ ಹೇಳಿರುತ್ತಾರೆ. ಆದರೂ ಶಾಲೆಯ ಅಭ್ಯಾಸಕ್ಕೆ 'ಇಂದ', 'ಗೆ' ಅಂತ ಎಡಗಡೆ ಬರೆದು ನಿಮಿಷ ಕಳೆಯುವವರು ಈಗಲೂ ಇದ್ದಾರೆ.

ಕೋರುತ್ತೇವೆ ಗುಂಪಿಗೆ ಒಂದು ಉದಾಹರಣೆ ಪೂರ್ತಿ ನೋಡೋಣ, ಯಾಕೆಂದರೆ ನಮ್ಮವರು ಜಾಸ್ತಿ ಎಡವುವುದು ಇಲ್ಲೇ. ಊರಿನ ಸಂಘದ ಪರವಾಗಿ ಒಬ್ಬ ತಜ್ಞರನ್ನು ಭಾಷಣಕ್ಕೆ ಕರೆಯಬೇಕು ಅನ್ನುವ ಪ್ರಶ್ನೆ. ನಿಮ್ಮ ಕಡೆ ಅಂದರೆ ತೆಂಗು ಬೆಳೆಗಾರರ ಸಭೆ ಅಂತ ಇಟ್ಟುಕೊಳ್ಳಬಹುದು. ವಿಷಯ ಒಳ್ಳೆಯದೇ. ಆದರೆ ಕಪ್ಪುತಲೆ ಹುಳ, ನುಸಿ ರೋಗ ಅಂತ ಆಳಕ್ಕೆ ಇಳಿಯಬೇಡಿ, ಅದರ ಇಂಗ್ಲಿಷ್ ಹೆಸರು ಹುಡುಕುವುದರಲ್ಲೇ ಐದು ನಿಮಿಷ ಹೋಗುತ್ತದೆ. 'ಹೌ ಟು ಯೂಸ್ ಲೆಸ್ ವಾಟರ್' ಅನ್ನಿ, ನೀವು ಹೇಳಬಲ್ಲ ಮಾತಿನೊಳಗೇ ಇರಿ.

ನಮ್ಮ ಅಭ್ಯಾಸ ಏನು? ಅತಿಥಿಯನ್ನು ಹೊಗಳುವುದು. ಅರ್ಧ ಪತ್ರ 'ತಮ್ಮಂಥ ಮಹನೀಯರು', ಇನ್ನರ್ಧ 'ನಮ್ಮ ಕೋರಿಕೆ ಮನ್ನಿಸಿ'. ವೇದಿಕೆಯ ಮೇಲೆ ಶಾಲು, ಹಾರ, ಪೇಟ, ಫಲತಾಂಬೂಲ ಎಲ್ಲ ಸರಿ. ಪತ್ರ ಓದುವ ಆ ಮನುಷ್ಯನಿಗೆ ಬೇಕಾಗಿರುವುದು ಬೇರೆ. ಎಷ್ಟು ಹೊತ್ತು ಮಾತಾಡಬೇಕು? ಕೇಳುವವರು ಯಾರು, ರೈತರಾ, ಕಾಲೇಜು ಮಕ್ಕಳಾ? ಪ್ರೊಜೆಕ್ಟರ್ ಇದೆಯಾ? ಕಾರು ಕಳಿಸುತ್ತೀರಾ, ನಾವೇ ಬರಬೇಕಾ? ಯಾವಾಗ ಉತ್ತರ ಕೊಡಬೇಕು? ಇಷ್ಟಕ್ಕೆ ಉತ್ತರ ಬರೆಯಿರಿ, 150 ಪದ ಎಲ್ಲಿ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಹೊಗಳಿಕೆ ಒಂದೇ ವಾಕ್ಯ ಇರಲಿ, ಅದೂ ಕಾರಣದ ಜೊತೆ: ಹೋದ ವರ್ಷ ತುಮಕೂರಿನಲ್ಲಿ ನಿಮ್ಮ ಮಾತು ಕೇಳಿದ ನಮ್ಮ ಸದಸ್ಯರು ಡ್ರಿಪ್ ಹಾಕಿಸಿದರು, ಹಾಗಾಗಿ ನಿಮ್ಮನ್ನೇ ಕರೆಯುತ್ತಿದ್ದೇವೆ. ಇದು ಎರಡನೇ ಬುಲೆಟ್‌ಗೆ ಉತ್ತರವೂ ಆಯಿತು. ಕೊನೆಗೆ 'ವಿ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್ ಲೆಟ್ ಅಸ್ ನೋ ಬೈ ದ ಎಂಡ್ ಆಫ್ ದಿಸ್ ಮಂತ್'.

ವ್ಯಾಕರಣದಲ್ಲಿ ಆಮಂತ್ರಣಕ್ಕೆಂದೇ ಬರುವ ತಪ್ಪು ಒಂದೆರಡು ಇವೆ. 'ಮೈ ಸಿಸ್ಟರ್ಸ್ ಮ್ಯಾರೇಜ್ ಈಸ್ ದೇರ್ ಆನ್ ಸಂಡೇ' ಅನ್ನುವುದು ಕನ್ನಡದ 'ಮದುವೆ ಇದೆ' ನೇರವಾಗಿ ಇಳಿದದ್ದು. 'ಮೈ ಸಿಸ್ಟರ್ ಈಸ್ ಗೆಟಿಂಗ್ ಮ್ಯಾರಿಡ್ ಆನ್ ಸಂಡೇ' ಅನ್ನಿ. ಮೊದಲೇ ಗೊತ್ತು ಮಾಡಿಟ್ಟ ಕಾರ್ಯಕ್ರಮಕ್ಕೆ ಈ 'ಈಸ್', 'ಆರ್' ಜೊತೆಗಿನ ರೂಪವೇ ಸರಿ, 'ವಿಲ್' ಎಲ್ಲ ಕಡೆ ತುರುಕಬೇಕಾಗಿಲ್ಲ. 'ಮೈಸೆಲ್ಫ್' ಅಂತ ಶುರು ಮಾಡಬೇಡಿ. 'ಔಟ್ ಆಫ್ ಸ್ಟೇಷನ್', 'ಡು ದ ನೀಡ್‌ಫುಲ್' ಇಲ್ಲಿನ ಆಫೀಸಿಗೆ ಚೆನ್ನ, ಪರೀಕ್ಷೆಗೆ ಬೇಡ. ಪ್ರಶ್ನೆಯ ಸಾಲನ್ನೇ ಎತ್ತಿ ಬರೆಯುವುದೂ ದಂಡ, ಆ ಪದಗಳು ಲೆಕ್ಕಕ್ಕೆ ಬರುವುದಿಲ್ಲ.

ಇಪ್ಪತ್ತು ನಿಮಿಷವನ್ನು ಹೇಗೆ ಹಂಚುವುದು? ಮೊದಲ ಮೂರು ನಿಮಿಷ ಬರೆಯಲೇಬೇಡಿ. ಬಾರೋನಾ ಬನ್ನಿನಾ ತೀರ್ಮಾನ ಮಾಡಿ, ಪ್ರತಿ ಬುಲೆಟ್ ಎದುರು ಎರಡೆರಡು ವಿವರ ಗುರುತು ಹಾಕಿಕೊಳ್ಳಿ. ಆಮೇಲೆ ಒಂದೊಂದು ಬುಲೆಟ್‌ಗೆ ಒಂದು ಪ್ಯಾರಾ, ಸುಮಾರು ಐವತ್ತು ಪದ. ಕೊನೆಯ ಎರಡು ಮೂರು ನಿಮಿಷ ಓದಲು ಉಳಿಸಿ.

ಅಭ್ಯಾಸಕ್ಕೆ ಹತ್ತು ಬೇರೆ ಬೇರೆ ಪ್ರಶ್ನೆ ಹುಡುಕಿ ಸುಸ್ತಾಗಬೇಡಿ. ಒಂದೇ ಕಾರ್ಯಕ್ರಮ ಹಿಡಿದು ಮೂರು ಜನಕ್ಕೆ ಬರೆಯಿರಿ. ದೇವರಾಯನದುರ್ಗಕ್ಕೆ ಭಾನುವಾರದ ಟ್ರಿಪ್ ಅಂತಲೇ ಇಟ್ಟುಕೊಳ್ಳಿ, ನಾಮದ ಚಿಲುಮೆ ನೋಡಿಕೊಂಡು ಬೆಟ್ಟ ಹತ್ತುವುದು. ಒಂದು ಪತ್ರ ಹಳೇ ಗೆಳೆಯನಿಗೆ, ಇನ್ನೊಂದು ಹೊಸದಾಗಿ ಬಂದ ವಿದೇಶಿ ಮ್ಯಾನೇಜರ್‌ಗೆ, ಮತ್ತೊಂದು ಗಿಡಮರಗಳ ಬಗ್ಗೆ ಹೇಳಲು ಬರಬೇಕು ಅಂತ ಸಸ್ಯಶಾಸ್ತ್ರದ ಮೇಷ್ಟ್ರಿಗೆ. ಗೆಳೆಯನಿಗೆ ಕೋತಿಗಳ ಕಾಟ ಇದೆ, ಬ್ಯಾಗ್ ಭದ್ರ ಅಂತ ತಮಾಷೆ ಮಾಡಬಹುದು. ಮ್ಯಾನೇಜರ್‌ಗೆ ಅದೇ ಮಾತನ್ನು ಸಲಹೆಯ ಹಾಗೆ ಬರೆಯಬೇಕು. ಮೇಷ್ಟ್ರ ಪತ್ರದಲ್ಲಿ ಕೋತಿ ಬೇಕಾಗಿಯೇ ಇಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ. ಮೂರರಲ್ಲೂ ಒಂದೇ ವಾಕ್ಯ ಸಿಕ್ಕಿದರೆ ಅದರ ಕೆಳಗೆ ಗೆರೆ ಎಳೆಯಿರಿ, ನಿಮ್ಮ ಟೋನ್ ಜಾರುತ್ತಿರುವುದು ಬಹುಶಃ ಅಲ್ಲೇ.

ಕಂಪ್ಯೂಟರಾ ಕೈಯಾ ಅಂತ ಕೇಳಿದ್ದೀರಿ. ಎರಡೂ ಆಯ್ಕೆ ಸಿಗುವ ಕಡೆ ಪ್ರಶ್ನೆ ಎರಡರಲ್ಲೂ ಒಂದೇ ಥರ, ಅಂಕ ಕೊಡುವ ರೀತಿಯೂ ಒಂದೇ. ಕಂಪ್ಯೂಟರ್‌ನಲ್ಲಿ ಪದಗಳ ಲೆಕ್ಕ ಪರದೆ ಮೇಲೆ ಕಾಣಿಸುತ್ತಿರುತ್ತದೆ, ವಾಕ್ಯವನ್ನು ಅಲ್ಲಿಂದಿಲ್ಲಿಗೆ ಎತ್ತಿ ಇಡಬಹುದು. ನಿಮ್ಮಂಥವರಿಗೆ ಇದು ಅನುಕೂಲ ಅಂತ ನನ್ನ ಅಭಿಪ್ರಾಯ, ಎರಡನೇ ಪ್ಯಾರಾಕ್ಕೆ ಒಂದು ವಿವರ ತಡವಾಗಿ ಹೊಳೆದರೂ ಸೇರಿಸಬಹುದಲ್ಲ. ಆದರೆ ಸ್ಪೆಲಿಂಗ್ ತಿದ್ದುವ ಕೆಂಪು ಗೆರೆ ಅಲ್ಲಿ ಬರುವುದಿಲ್ಲ. ಮೊಬೈಲ್‌ನಲ್ಲಿ ಟೈಪ್ ಮಾಡಿ ಮಾಡಿ ನಮಗೆಲ್ಲ ಅದರ ಊರುಗೋಲು ಅಭ್ಯಾಸ ಆಗಿಬಿಟ್ಟಿದೆ. ಹಾಗಾಗಿ ಇವತ್ತಿನಿಂದಲೇ ಸ್ಪೆಲ್‌ಚೆಕ್ ಆಫ್ ಮಾಡಿ, ಕೀಬೋರ್ಡ್ ಇರುವ ಕಂಪ್ಯೂಟರ್‌ನಲ್ಲಿ, ಗಡಿಯಾರ ಇಟ್ಟುಕೊಂಡು ಟೈಪ್ ಮಾಡಿ. ಆಮಂತ್ರಣ ಪತ್ರದಲ್ಲಿ ಪದೇ ಪದೇ ಬರುವ ಪದಗಳನ್ನಾದರೂ ಗಟ್ಟಿ ಮಾಡಿಕೊಳ್ಳಿ: ಅಕಾಮಡೇಷನ್‌ನಲ್ಲಿ ಸಿ ಎರಡು, ಎಂ ಎರಡು, ಸಿನ್ಸಿಯರ್ಲಿಯಲ್ಲಿ ಎಲ್‌ಗೆ ಮೊದಲು ಒಂದು ಇ ಇದೆ, ಗ್ರೇಟ್‌ಫುಲ್ ಶುರುವಾಗುವುದು ಜಿ ಆರ್ ಎ ಟಿ ಇಂದ, ಜಿ ಆರ್ ಇ ಎ ಟಿ ಇಂದ ಅಲ್ಲ.